ಪಂಚಾಯತಿ ಚುನಾವಣೆಗೆ ನಿಲ್ಲುವ ಮುನ್ನ: ಕೊಡಗಿನ ಮಹಿಳೆಯರಿಗೆ ಕೆಲವು ಸೂಚನೆಗಳು

ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೆ ಮೀಸಲಾತಿ ಬಾಗಿಲು ತೆರೆಯಬಲ್ಲದೇ ಹೊರತು ಒಳಗೆ ಕುಳಿತು ಲೆಕ್ಕ ಕೇಳುವ ಧೈರ್ಯವನ್ನು ಕೊಡಲಾರದು. ಅದು ಅಭ್ಯರ್ಥಿಯ ಸ್ವಂತ ಹೊಣೆ ಎಂಬುದು ನನ್ನ ನಿಲುವು.

ವಯಸ್ಸು 21 ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಈ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲವಾದ್ದರಿಂದ ಜನ ನಿಮ್ಮ ನಡತೆಯನ್ನೇ ತೂಗುತ್ತಾರೆ.

ಮೊದಲು ಸ್ವಂತ ತೋಟದ ಅಂಚನ್ನು ನೋಡಿಕೊಳ್ಳಿ. ಮೇ ತಿಂಗಳಲ್ಲೇ ಸಿಲ್ವರ್ ಓಕ್ ಎಲೆ, ಕಪಾತು ಮಾಡಿದ ಕಾಫಿ ರೆಂಬೆಗಳನ್ನು ಚರಂಡಿಯಿಂದ ತೆಗೆಸದೆ, ಜೂನ್‌ನಲ್ಲಿ ಮೋರಿ ಕಟ್ಟಿಕೊಂಡು ಕೆಳಗಿನ ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಅಂಗಳಕ್ಕೆ ಕೆಂಪು ನೀರು ನುಗ್ಗಿದ ಮೇಲೆ ಪಂಚಾಯತಿಯನ್ನು ದೂರುವವರು ಮತ ಕೇಳುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಾರೆ. ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜರಿದಾಗ ರಸ್ತೆ ಬಿಡಿಸುವುದಾಗಲಿ ನೆಲೆ ತಪ್ಪಿದವರಿಗೆ ಸೂರು ಒದಗಿಸುವುದಾಗಲಿ ಯಾವ ಕುಟುಂಬದ ಕೈಯಲ್ಲೂ ಆಗುವ ಕೆಲಸವಾಗಿರಲಿಲ್ಲ. ಸರ್ಕಾರ ಇರುವುದು ಅಂಥದ್ದಕ್ಕೆ. ಯಾವುದು ಮನೆಯ ಕೆಲಸ, ಯಾವುದು ಪಂಚಾಯತಿಯದು, ಯಾವುದು ರಾಜ್ಯದ್ದು ಎಂದು ನಿಮ್ಮ ವಾರ್ಡಿನ ಬೇಡಿಕೆಗಳನ್ನು ವಿಂಗಡಿಸಿ ಬರೆದಿಟ್ಟುಕೊಳ್ಳಿ. ಮೊದಲ ಪಟ್ಟಿಯೇ ಉದ್ದವಾದೀತು.

ಗ್ರಾಮಸಭೆಗೆ ಹೋಗಿ, ಪಂಚಾಯತಿಯ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ ಜಮಾಬಂದಿಯ ದಿನ ಖರ್ಚಿನ ಪುಸ್ತಕ ಕೇಳಿ ಓದಿ. ಕೊಯ್ಲಿನ ಕಾಲದಲ್ಲಿ ಆಳುಗಳ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಬಟವಾಡೆ ಮಾಡಿದವರಿಗೆ ಇದು ಕಷ್ಟವೇನಲ್ಲ.

ಗೆದ್ದ ಮೇಲೆ ಪತಿಯನ್ನು ಸಭೆಗೆ ಕಳುಹಿಸಬೇಡಿ. ಮನೆಯ ಹಿರಿಯರ ಸಲಹೆ ಪಡೆಯುವುದು ಸಂಸ್ಕಾರ, ಆದರೆ ನಡಾವಳಿಯನ್ನು ಪೂರ್ತಿ ಓದಿದ ನಂತರವೇ ನೀವೇ ಸಹಿ ಹಾಕಿ.