ಪಂಪ್ ಎಳೆದ ಮೇಲೂ ಕಫ ಯಾಕೆ ಬರುವುದಿಲ್ಲ?

ಚಿಕ್ಕಬಳ್ಳಾಪುರದಲ್ಲಿ ನಾನು ಫಿಸಿಯೋಥೆರಪಿಸ್ಟ್. ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ ಮಾಡಿಸುವುದೂ ಕಫ ತೆಗೆಸುವುದೂ ನನ್ನ ಕೆಲಸ. ಶಿಡ್ಲಘಟ್ಟದ ಕಡೆಯ ರೇಷ್ಮೆ ರೀಲರ್‌ಗಳೂ, ಅಂದರೆ ಗೂಡಿನಿಂದ ನೂಲು ತೆಗೆಯುವವರೂ ಉಬ್ಬಸ ಅಂತ ಬರುತ್ತಾರೆ. ಗೂಡು ಬೇಯಿಸುವ ಹಬೆ, ಹುಳದ ಪುಡಿ ಕೆಲವರಿಗೆ ಅಲರ್ಜಿ.

ಪರೀಕ್ಷೆಗೆ ಮುಂಚಿನ 4ರಿಂದ 6 ಗಂಟೆ ನೀಲಿ ಪಂಪ್, ಅಂದರೆ ಉಸಿರಿನ ಕೊಳವೆ ತೆರೆಯುವ ಸಾಲ್ಬುಟಮಾಲ್ ಇನ್ಹೇಲರ್ ಬೇಡ ಅನ್ನುತ್ತೇನೆ. ದಮ್ಮು ಕಟ್ಟಿದರೆ ಮಾತ್ರ ಸುಮ್ನೆ ಎಳೆದುಬಿಡಿ, ಪರೀಕ್ಷೆ ಇನ್ನೊಂದು ದಿನ ಆದೀತು. ಮೊದಲು ಜೋರಾಗಿ ಊದಿಸುತ್ತೇನೆ. ಆಮೇಲೆ ಸ್ಪೇಸರ್ (ಪಂಪ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ) ಇಟ್ಟು ಸಾಲ್ಬುಟಮಾಲ್ 4 ಪಫ್, ಒಂದೊಂದು 100 ಮೈಕ್ರೋಗ್ರಾಂ. 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತೇನೆ. ಮೊದಲ 1 ಸೆಕೆಂಡಿನಲ್ಲಿ ಬರುವ ಗಾಳಿ 1.5 ಲೀಟರ್ ಇದ್ದದ್ದು 1.8 ಆಯಿತು ಅನ್ನಿ. 300 ಮಿಲಿ, ಶೇ 20 ಏರಿಕೆ. ಶೇ 12 ಮತ್ತು 200 ಮಿಲಿ, ಎರಡನ್ನೂ ದಾಟಿದರೆ ಔಷಧಿಗೆ ಕೊಳವೆ ಚೆನ್ನಾಗಿ ತೆರೆದಿದೆ ಅಂತ ಲೆಕ್ಕ. ದಾಟದಿದ್ದರೆ ಆಸ್ತಮಾ ಇಲ್ಲವೇ ಇಲ್ಲ ಅಂತಲ್ಲ.

ಅಂಕಿ ನೋಡಿದವರು 'ಪಂಪ್ ಒಂದೇ ಸಾಕಲ್ವಾ?' ಅಂತಾರೆ. ಸಾಕಾಗಲ್ಲ. ಈ ಔಷಧಿ ಕೊಳವೆ ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಒಳಗಿನ ಸಣ್ಣ ರೋಮಗಳನ್ನೂ ಸ್ವಲ್ಪ ಚುರುಕು ಮಾಡುತ್ತದೆ. ಆದರೆ ಗಟ್ಟಿಯಾಗಿ ಅಂಟಿಕೊಂಡ ಕಫ ಅಷ್ಟಕ್ಕೇ ಜಗ್ಗುವುದಿಲ್ಲ.

ಅದಕ್ಕೇ ನಾನು ಕ್ರಮ ಬದಲಿಸುವುದಿಲ್ಲ: ಮೊದಲು ಪಂಪ್, 15 ನಿಮಿಷ ಬಿಟ್ಟು ಕಫದ ಕೆಲಸ. ನೇರ ಕೂರಿಸಿ, ಮಧ್ಯಮ ಉಸಿರು ಎಳೆಸಿ, ಬಾಯಿ ತೆರೆದು ಕನ್ನಡಿಗೆ ಹಬೆ ಹಿಡಿಸುವ ಹಾಗೆ 'ಹಾ' ಅಂತ ಉಸಿರು ಬಿಡಿಸುತ್ತೇನೆ. ಎರಡು ಮೂರು ಸಲ, ಮಧ್ಯೆ ಹೊಟ್ಟೆಯಿಂದ ನಿಧಾನದ ಉಸಿರು. ಬಿಗಿದ ಕೊಳವೆಯಲ್ಲಿ ಒಂದೇ ಸಮನೆ ಕೆಮ್ಮಿದರೆ ಕೊಳವೆ ಇನ್ನೂ ಬಿಗಿಯುತ್ತದೆ, ಸುಸ್ತೇ ಲಾಭ. ಬೆನ್ನು ಬಡಿಯಿರಿ ಅಂತ ಮನೆಯವರು ಗೋಗರೆಯುತ್ತಾರೆ. ಎದೆ ಸುಯ್‌ಗುಟ್ಟುವಾಗ ನಾನು ಬಡಿಯುವುದಿಲ್ಲ. ಮಾತೇ ಹೊರಡದಷ್ಟು ದಮ್ಮು ಹತ್ತಿದ್ದರೆ ಈ ಅಭ್ಯಾಸವೇ ಬೇಡ, ಆಸ್ಪತ್ರೆಗೆ ಓಡಬೇಕು.

ಕೊಳವೆ ಒಳಗಿನ ಊತ ಇಳಿದರೇ ಕಫ ಕಡಿಮೆ ಆಗುವುದು. ಅದು ಸ್ಟೀರಾಯ್ಡ್ ಪಂಪ್‌ನ ಕೆಲಸ. ಬರೀ ನೀಲಿ ಪಂಪ್ ನಂಬಬೇಡಿ ಅಂತ 2019ರಿಂದ ಗಿನಾ (ಆಸ್ತಮಾ ಕುರಿತ ಅಂತರರಾಷ್ಟ್ರೀಯ ಸಂಸ್ಥೆ) ಮಾರ್ಗಸೂಚಿಯೂ ಹೇಳುತ್ತಿದೆ. 200 ಪಫ್‌ನ ಡಬ್ಬಿ ತಿಂಗಳಿಗೇ ಖಾಲಿ ಅಂದವರಿಗೆ ನಾನು ಉಸಿರಾಟ ಕಲಿಸುತ್ತಾ ಕೂರುವುದಿಲ್ಲ, ಅವತ್ತೇ ಡಾಕ್ಟರ್ ಹತ್ತಿರ ಕಳಿಸುತ್ತೇನೆ.