ಐಆರ್‌ಬಿ ಅರ್ಜಿ: ಗಿಫ್ಟ್ ಕಾರ್ಡ್ ಪ್ರಯೋಜನ ಅಲ್ಲ

ಅಮೆರಿಕದಲ್ಲಿ ಪಿಎಚ್‌ಡಿಗೆ ಸೇರಿ ಜನರ ಮೇಲೆ ಸಂಶೋಧನೆ ಮಾಡುವವರಿಗೆ ಐಆರ್‌ಬಿ (ಅಂಥ ಸಂಶೋಧನೆ ನೈತಿಕವಾಗಿ ಸರಿಯೇ ಅಂತ ನೋಡುವ ಕಮಿಟಿ) ಅನುಮತಿ ಬೇಕು, ಆನ್‌ಲೈನ್ ತರಬೇತಿ ಮುಗಿಸಬೇಕು ಅನ್ನೋದು ಗೊತ್ತಿರುತ್ತದೆ. ನಮ್ಮ ಹುಡುಗರ ಅರ್ಜಿ ವಾಪಸ್ ಬರುವುದು ಅಪಾಯ, ಪ್ರಯೋಜನ ತೂಗುವ ಜಾಗದಲ್ಲಿ.

ಪ್ರಯೋಜನದ ಕಾಲಂನಲ್ಲಿ "25 ಡಾಲರ್ ಗಿಫ್ಟ್ ಕಾರ್ಡ್" ಅಂತ ಬರೆಯುವವರನ್ನು ನೋಡುತ್ತಲೇ ಇದ್ದೇನೆ. ದಯವಿಟ್ಟು ಬರೆಯಬೇಡಿ. ಆ ದುಡ್ಡು ಸಂಶೋಧನೆಯಲ್ಲಿ ಭಾಗವಹಿಸುವವರು ಕೊಟ್ಟ ಸಮಯಕ್ಕೆ. ಅದನ್ನೂ ತಕ್ಕಡಿಗೆ ಹಾಕಿದರೆ, ಅಪಾಯ ಹೆಚ್ಚಿದಷ್ಟೂ ದುಡ್ಡು ಹೆಚ್ಚಿಸಿ ಸರಿದೂಗಿಸಬಹುದು ಅಂತಾಗುತ್ತದೆ. ಆಗ ಸಿಕ್ಕಿಬೀಳುವವರು ಬಡವರೇ ಅಲ್ವಾ? ಭಾಗವಹಿಸುವವರಿಗೆ ನೇರವಾಗಿ ಏನೂ ಸಿಗದಿದ್ದರೆ "ನೇರ ಪ್ರಯೋಜನ ಇಲ್ಲ" ಅಂತಲೇ ಬರೆಯಿರಿ. ಹಾಗೆ ಬರೆದರೆ ಅರ್ಜಿ ಬಿದ್ದುಹೋಗುತ್ತದೆ ಅನ್ನೋ ಭಯ ಬೇಡ. ಕಾಮನ್ ರೂಲ್ (ಜನರ ಮೇಲಿನ ಸಂಶೋಧನೆಗೆ ಅಮೆರಿಕ ಸರ್ಕಾರದ ನಿಯಮ) ಪ್ರಕಾರ, ಸಂಶೋಧನೆಯಿಂದ ಸಿಗುವ ತಿಳಿವಳಿಕೆಗೂ ತೂಕ ಇದೆ. ಅದು ಯಾಕೆ ಮುಖ್ಯ ಅಂತ ಬೇರೆಯಾಗಿ ವಿವರಿಸಿ.

ಇದಕ್ಕಿಂತ ದುಬಾರಿ ತಪ್ಪು "ಅಪಾಯ ಇಲ್ಲ" ಅಂತ ಬರೆಯುವುದು. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಎಚ್-4 ವೀಸಾದಲ್ಲಿರುವ (ಗಂಡನ ಕೆಲಸದ ವೀಸಾದ ಮೇಲೆ ಬಂದಿರುವ) ಹೆಂಗಸರ ಸಂದರ್ಶನ ಮಾಡಲು ಹೊರಟಿದ್ದಳು. ರಕ್ತ ತೆಗೆಯುವುದಿಲ್ಲ, ಔಷಧಿ ಕೊಡುವುದಿಲ್ಲ, ಸುಮ್ನೆ ಮಾತು ಅಂದುಕೊಂಡು ಹಾಗೆ ಬರೆದಳು. ಕಮಿಟಿ ಕೇಳಿತು: ಗಂಡನ ಬಗ್ಗೆ ಆಡಿದ ಮಾತು ಅವನ ಕಿವಿಗೆ ಬಿದ್ದರೆ? ವೀಸಾ ಗಂಡನ ಕೆಲಸಕ್ಕೆ ಅಂಟಿಕೊಂಡಿರುವಾಗ ಅವಳು ಎಲ್ಲಿಗೆ ಹೋಗಬೇಕು? ಊರಿನ ಕನ್ನಡದವರೆಲ್ಲ ಪರಿಚಯ ಇರುವಾಗ ಹೆಸರು ಬದಲಿಸಿದರೆ ಗುರುತು ಮುಚ್ಚುತ್ತದೆಯೇ? ತಿದ್ದಿ ಕಳಿಸುವಷ್ಟರಲ್ಲಿ ಬೇಸಿಗೆ ರಜೆ ಪೂರ್ತಿ ಹೋಯಿತು. ಸಂದರ್ಶನದಲ್ಲಿ ದೊಡ್ಡ ಅಪಾಯ ಗುಟ್ಟು ಬಯಲಾಗುವುದೇ. ಯಾವ ಅಪಾಯ, ಆಗುವ ಸಾಧ್ಯತೆ ಎಷ್ಟು, ತಡೆಯಲು ಏನು ಮಾಡುತ್ತೀರಿ, ಮೂರನ್ನೂ ಬರೆಯಿರಿ. ರೆಕಾರ್ಡಿಂಗ್ ಎಲ್ಲಿಡುತ್ತೀರಿ, ಯಾವಾಗ ಅಳಿಸುತ್ತೀರಿ ಅನ್ನೋದೂ ಬರಲಿ.

ಒಂದು ವಿಷಯದಲ್ಲಿ ನಮ್ಮ ದೇಶದ ವ್ಯವಸ್ಥೆಯೇ ಮೇಲು ಅಂತ ನನಗನಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಎಥಿಕ್ಸ್ ಕಮಿಟಿಯ (ನಮ್ಮಲ್ಲಿನ ಐಆರ್‌ಬಿ) ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಅಮೆರಿಕದಲ್ಲಿ ಕನಿಷ್ಠ ಐವರಿರಬೇಕಾದ ಕಮಿಟಿಯಲ್ಲಿ ಒಬ್ಬ ಸದಸ್ಯರು ಹೊರಗಿನವರಾದರೆ ಸಾಕು.

ಹಾಗಂತ, ರಜೆಗೆ ಬೆಂಗಳೂರಿಗೆ ಹೋದಾಗ ನಾಲ್ಕು ಜನರನ್ನು ಮಾತಾಡಿಸಿ ಬಂದು, ಆಮೇಲೆ ಅನುಮತಿ ಕೇಳುತ್ತೇನೆ ಅನ್ನಬೇಡಿ. ಮುಗಿದ ಕೆಲಸಕ್ಕೆ ಐಆರ್‌ಬಿ ಹಿಂದಿನ ತಾರೀಕಿನಿಂದ ಒಪ್ಪಿಗೆ ಕೊಡುವುದಿಲ್ಲ. ಆರೋಗ್ಯದ ವಿಷಯವಾದರೆ ಅಲ್ಲಿನ ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಬೇಕು. ಟಿಕೆಟ್ ಬುಕ್ ಮಾಡುವ ಮುಂಚೆಯೇ ಎರಡೂ ಅರ್ಜಿ ಹಾಕಿ.