ಹಗುರ ಪಿಸ್ತೂಲು ಕೊಳ್ಳುವವರು ಮೊದಲು ಮ್ಯಾಗಜಿನ್ ನೋಡಿ

ಗಂಜ್‌ನ ಅಡತಿ ವ್ಯಾಪಾರಿಯಾಗಲಿ, ಊರಾಚೆ ಹೊಲದ ಮನೆಯಲ್ಲಿರುವ ರೈತರಾಗಲಿ, ಪರವಾನಗಿ ಕೈಗೆ ಬಂದ ಕೂಡಲೇ ಡೀಲರ್ ಬಳಿ ಕೇಳುವುದು ಹಗುರವಾದದ್ದು ಯಾವುದು ಎಂದು. ತೂಕ ಆಮೇಲಿನ ಮಾತು. ಕರೆದಾಗ ಕೈಕೊಡದ ಪಿಸ್ತೂಲು ಬೇಕಿದ್ದರೆ ಮ್ಯಾಗಜಿನ್ (ಹಿಡಿಯೊಳಗೆ ಕೂರುವ, ಗುಂಡು ತುಂಬುವ ಡಬ್ಬಿ) ಮತ್ತು ಸ್ಪ್ರಿಂಗ್ ಮೇಲೆ ಕಣ್ಣಿಡಬೇಕು.

ಬೋರ್ ಎಂದರೆ ನಳಿಗೆಯ ಒಳ ಅಳತೆ. ನಮ್ಮಲ್ಲಿ 9 ಎಂ.ಎಂ. ನಿಷೇಧಿತ ಬೋರ್; ಸಾಮಾನ್ಯ ಪರವಾನಗಿದಾರರಿಗೆ ಸಿಗುವ ಪಿಸ್ತೂಲು ಹೆಚ್ಚಾಗಿ .32 ಬೋರಿನದು. ಆರ್ಡ್‌ನೆನ್ಸ್ ಕಾರ್ಖಾನೆಯ ‘ಅಶನಿ’ ಈ ಬಗೆಯದು. ವಾಲ್ಥರ್ ಪಿಪಿಕೆಯಂಥ ವಿದೇಶಿ ಪಿಸ್ತೂಲುಗಳ ಆಮದು 1980ರ ದಶಕದಿಂದ ಬಹುತೇಕ ನಿಂತಿರುವುದರಿಂದ ಅವು ಕೈಬದಲಾಗಿ ಬರುವ ಹಳೆಯವೇ. ಹೆಸರು ದೊಡ್ಡದು, ಸ್ಪ್ರಿಂಗ್ ಮಾತ್ರ ಮುದಿ.

ಇಂಥ ಹಗುರ ಪಿಸ್ತೂಲುಗಳದು ಹೆಚ್ಚಾಗಿ ಸಿಂಗಲ್ ಸ್ಟ್ಯಾಕ್, ಎಂದರೆ ಗುಂಡುಗಳು ಒಂದರ ಮೇಲೊಂದು ಒಂದೇ ಸಾಲಿನಲ್ಲಿ ಕೂರುವ ಮ್ಯಾಗಜಿನ್. ಹಿಡಿ ತೆಳ್ಳಗಿರುತ್ತದೆ, ಅಂಗಿಯ ಕೆಳಗೆ ಉಬ್ಬು ಕಾಣುವುದಿಲ್ಲ. ಹಿಡಿಯುವುದು ಏಳೆಂಟು ಗುಂಡು.

ಕೈಗೆತ್ತಿಕೊಂಡೊಡನೆ ಮ್ಯಾಗಜಿನ್ ಹೊರತೆಗೆದು, ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಹಿಂದಕ್ಕೆಳೆದು ಚೇಂಬರ್ (ಗುಂಡು ಸಿಡಿಯುವ ಮುನ್ನ ಕೂರುವ ಗೂಡು) ಕಣ್ಣಾರೆ ನೋಡಿ, ಕಿರುಬೆರಳಿಂದಲೂ ಮುಟ್ಟಿ. ಡೀಲರ್ “ಖಾಲಿ ಇದೆ” ಎಂದರೂ ಬಿಡಬೇಡಿ. ಪರೀಕ್ಷೆ ಮುಗಿಯುವವರೆಗೆ ಮೇಜಿನ ಮೇಲೆ ಒಂದು ಗುಂಡೂ ಇರಬಾರದು, ನಳಿಗೆ ಯಾರ ಕಡೆಗೂ ತಿರುಗಬಾರದು.

ಈಗ ಮ್ಯಾಗಜಿನ್. ಮೇಲ್ತುದಿಯ ಎರಡು ತುಟಿಗಳು ಸಮನಾಗಿರಬೇಕು. ಒಂದು ಅಗಲಿದ್ದರೆ ಗುಂಡು ಓರೆಯಾಗಿ ಏಳುತ್ತದೆ, ಸ್ಲೈಡ್ ಅದರ ಮೂತಿಯನ್ನು ಚೇಂಬರಿನ ಅಂಚಿಗೆ ಒತ್ತಿ ನಿಲ್ಲುತ್ತದೆ. .32ರ ಇನ್ನೊಂದು ಕಾಟ ಅಂಚಿನದು. ಈ ಗುಂಡಿನ ಕವಚದ ಬುಡ ಮೈಗಿಂತ ತುಸು ದಪ್ಪ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿತೆಂದರೆ ಅದು ಮುಂದೆ ಚಲಿಸಲಾರದು. ಮ್ಯಾಗಜಿನ್ ಕಿತ್ತು ಬಿಡಿಸದ ಹೊರತು ಪಿಸ್ತೂಲು ಬರೀ ಕಬ್ಬಿಣ. ಮೂತಿಯಲ್ಲಿ ಕುಳಿಯಿರುವ (ಹಾಲೋ ಪಾಯಿಂಟ್) ಗುಂಡು ಉದ್ದದಲ್ಲಿ ಚಿಕ್ಕದು, ಒಳಗೆ ಜಾಗ ಉಳಿದು ಜಾರಾಟ ಹೆಚ್ಚು. ಹಾಗಾಗಿ ಪೂರ್ತಿ ಲೋಹ ಹೊದಿಕೆಯ, ದುಂಡು ಮೂತಿಯ ಗುಂಡೇ ವಾಸಿ. ತುಂಬುವಾಗ ಪ್ರತಿ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದೆ ಕೂತಿದೆಯೇ ನೋಡುತ್ತ ಹೋಗಿ.

ಈ ಚಿಕ್ಕ ಪಿಸ್ತೂಲುಗಳು ಹೆಚ್ಚಾಗಿ ಬ್ಲೋಬ್ಯಾಕ್ ಬಗೆಯವು. ಸ್ಫೋಟದ ಒತ್ತಡಕ್ಕೆ ಎದುರು ನಿಲ್ಲುವುದು ಸ್ಲೈಡಿನ ತೂಕ, ಅದನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗಿನ ಬಿಗಿ ಎರಡೇ. ಸ್ಪ್ರಿಂಗ್ ಸಡಿಲವಾದರೆ ಸ್ಲೈಡ್ ಹಿಂದಕ್ಕೆ ಬಡಿದು ಚೌಕಟ್ಟು ಬಿರಿಯುತ್ತದೆ, ಅಲ್ಯೂಮಿನಿಯಂ ಆದರಂತೂ ಬೇಗ. ನಳಿಗೆ ಮೇಲೆತ್ತಿ, ಸ್ಲೈಡನ್ನು ಅರ್ಧ ಸೆಂಟಿಮೀಟರ್ ಹಿಂದೆಳೆದು ಮೆಲ್ಲಗೆ ಬಿಡಿ; ತಾನೇ ಪೂರ್ತಿ ಮುಚ್ಚಿಕೊಳ್ಳಬೇಕು. ಟ್ರಿಗರ್ ಗಾರ್ಡ್ ಸುತ್ತ ಭೂತಗನ್ನಡಿ ಹಿಡಿದು ಕೂದಲೆಳೆಯ ಬಿರುಕು ಹುಡುಕಿ. ಇದೇ ಕಾರಣಕ್ಕೆ 500 ಗ್ರಾಂಗಿಂತ ಹಗುರವಾದುದರ ಹಿಂದೆ ಬೀಳುವುದು ನಮಗೆ ಸರಿ ಕಾಣದು. 550ರಿಂದ 700 ಗ್ರಾಂ ಒಳಗಿನದು ಕೈಗೂ ಹಿತ, ಬಾಳಿಕೆಯೂ ಬರುತ್ತದೆ.

ಬ್ಯಾರೆಲ್ಲಿಗೆ ಬೆಳಕು ಬಿಟ್ಟು ನೋಡಿದಾಗ ಒಳಗೆ ಕಪ್ಪು ಉಂಗುರದ ನೆರಳು ಕಂಡರೆ ಅದು ಉಬ್ಬಿದ ಗುರುತು, ಬೆಲೆ ಎಷ್ಟೇ ಇಳಿಸಿದರೂ ಬೇಡ. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ಆಗ ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಸುತ್ತಿಗೆ) ತಾನಾಗಿ ಬಿದ್ದರೆ ಆ ಪಿಸ್ತೂಲು ಅಪಾಯಕಾರಿ.

ಕೊನೆಯ ಪರೀಕ್ಷೆ ಅನುಮತಿ ಪಡೆದ ರೇಂಜಿನಲ್ಲಿ ಮಾತ್ರ, ಹೊಲದಲ್ಲಲ್ಲ. ಪರವಾನಗಿಯಲ್ಲಿ ಬರೆದಷ್ಟೇ ಗುಂಡು ಸಿಗುವುದರಿಂದ ಒಂದೊಂದೂ ಲೆಕ್ಕ. ಎರಡು ಮ್ಯಾಗಜಿನ್‌ಗಳಿಗೂ ಮಾರ್ಕರಿನಿಂದ 1, 2 ಎಂದು ಗುರುತು ಹಾಕಿ, ಸುಮಾರು 50 ಗುಂಡು ಹಾರಿಸಿ. ತಡೆ ಒಂದೇ ಮ್ಯಾಗಜಿನ್ನಿನಲ್ಲಿ ಬಂದರೆ ದೋಷ ಅದರದ್ದು, ಬದಲಿಸಿದರೆ ಸಾಕು. ಎರಡರಲ್ಲೂ ಖಾಲಿ ಕವಚ ಹೊರಬರದೆ ಸಿಕ್ಕಿಕೊಂಡರೆ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಸವೆದಿರಬಹುದು, ಚೇಂಬರ್ ಕೊಳೆಯಾಗಿರಬಹುದು. ಶಹಾಬಾದ್ ಫರ್ಸಿ ಗಣಿಯ ಧೂಳು, ತೊಗರಿ ರಾಶಿಯ ಹೊಟ್ಟು ಹೆಚ್ಚುವರಿ ಎಣ್ಣೆಗೆ ಅಂಟಿ ಹಿಟ್ಟಾಗುತ್ತದೆ. ಸ್ಲೈಡಿನ ಹಳಿಗಳಿಗೆ ಒಂದೊಂದು ಹನಿ ಸಾಕು, ಚೇಂಬರ್ ಒಣಗಿರಲಿ.

ಹಣ ಕೊಡುವ ಮುಂಚೆ ಚೌಕಟ್ಟು, ಸ್ಲೈಡ್, ಬಿಲ್ಲಿನ ನಂಬರುಗಳನ್ನು ತಾಳೆ ನೋಡಿ. ನಂಬರು ಉಜ್ಜಿದ್ದರೆ ಅಲ್ಲೇ ಕೈಬಿಡಿ. ಪರವಾನಗಿಯಲ್ಲಿ ಬರೆಯಿಸಿಕೊಂಡ ನಂಬರನ್ನೂ ಅಂಕಿ ಅಂಕಿಯಾಗಿ ಓದಿ. ಅಲ್ಲಿ ಒಂದು ಅಂಕಿ ತಪ್ಪಿದರೆ ಚುನಾವಣೆ ವೇಳೆ ಠಾಣೆಗೆ ಜಮಾ ಮಾಡುವಾಗಲೂ, ನವೀಕರಣದಲ್ಲೂ ತೊಡಕು.